ಹಡಗು ಹತ್ತಿದ ಹಸಿರು ಬಳೆ

ರಫ್ತು ಮಾಡುವವರು ಮೊದಲು ಅದರ ಮಾತು ಕಲಿಯಬೇಕು ಎಂದು ತುಮಕೂರಿನ ತರಬೇತಿಯಲ್ಲಿ ಹೇಳಿದರು. ಕಲಿತೆ. ಐಇಸಿ ಎಂದರೆ ಹೊರದೇಶದ ವ್ಯಾಪಾರಕ್ಕೆ ಸರ್ಕಾರ ಕೊಡುವ ನಂಬರು, ಅದಿಲ್ಲದೆ ಒಂದು ಹುಣಸೆ ಬೀಜವೂ ಗಡಿ ದಾಟದು. ಎಫ್‌ಒಬಿ ಎಂದರೆ ಸರಕು ಹಡಗು ಹತ್ತುವವರೆಗೆ ನಮ್ಮ ಹೊಣೆ, ಹತ್ತಿದ ಮೇಲೆ ಕೊಂಡವರದು. ಹೊರವಸ್ತು ಎಂದರೆ ಹುಣಸೆಯೊಳಗೆ ಹುಣಸೆಯಲ್ಲದ್ದು ಏನಿದ್ದರೂ ಅದು: ಕಲ್ಲು, ಕೂದಲು, ದಾರ, ಗಾಜು. ಇಷ್ಟು ಕಲಿತು ದೊಡ್ಡ ಪಂಡಿತೆಯ ಹಾಗೆ ಕೊಳಾಲಕ್ಕೆ ವಾಪಸು ಬಂದೆ. ಬಳೆಯ ವಿಷಯ ಮಾತ್ರ ಅಲ್ಲಿ ಯಾರೂ ಎತ್ತಿರಲಿಲ್ಲ.

ನಾನು ಜಗದಾಂಬ. ಕೊಳಾಲದಲ್ಲಿ ನಮ್ಮದು ಮಾವನ ಕಾಲದ ಹುಣಸೆ ಮಂಡಿ. ನನ್ನ ಯಜಮಾನರು ರುದ್ರಯ್ಯ ಕೂತು ತೂಗುತ್ತಾರೆ, ನಾನು ನಿಂತು ಬೈಯುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಅದನ್ನು ಮುಚ್ಚಿಟ್ಟುಕೊಂಡು ಏನಾಗಬೇಕು? "ನಿನ್ನ ಬಾಯಿ ಮುಂದೆ ನಮ್ಮ ಹುಣಸೆ ಸಪ್ಪೆ ಕಣೇ" ಎಂದು ಅವರು ರೇಗಿಸುತ್ತಾರೆ. ಬೈದರೂ ಕೆಲಸದ ಹೆಂಗಸರು ನನ್ನನ್ನು ಬಿಟ್ಟು ಹೋಗಿಲ್ಲ, ಯಾಕೆಂದರೆ ಬೈದ ಬಾಯಲ್ಲೇ ಊಟ ಆಯಿತಾ ಎಂದೂ ಕೇಳುತ್ತೇನೆ.

ಜರ್ಮನಿಯ ಒಬ್ಬ ವ್ಯಾಪಾರಿ ನಮ್ಮ ಮಾದರಿ ನೋಡಿ ಒಂದು ಕಂಟೇನರ್ ಕೇಳಿದ. ಬೀಜ, ನಾರು ತೆಗೆದ ಹಣ್ಣು. ಮೊದಲ ಸರಕು ಸರಿಯಾಗಿದ್ದರೆ ವರ್ಷಪೂರ್ತಿ ಕೊಳ್ಳುತ್ತೇನೆ ಎಂದ. ಜೊತೆಗೊಂದು ಷರತ್ತು: ಹಣ್ಣು ಬಿಡಿಸುವವರ ಕೈಯಲ್ಲಿ ಬಳೆ ಇರಕೂಡದು. ಕಬ್ಬಿಣದ ಚೂರನ್ನು ಯಂತ್ರ ಹಿಡಿಯುತ್ತದೆ, ಗಾಜನ್ನು ಹಿಡಿಯುವುದಿಲ್ಲ.

ಇದನ್ನು ಹೇಳಿದ ದಿನ ಹಣ್ಣು ಬಿಡಿಸುವ ಶೆಡ್ಡಿನಲ್ಲಿ ಮುತ್ತೈದೆಯರೆಲ್ಲ ಎದ್ದು ನಿಂತರು. ಗಂಡ ಬದುಕಿರುವಾಗ ಕೈ ಬರಿದು ಮಾಡಿಕೊಳ್ಳುವುದು ಅಂದರೆ ಏನು? ಬಳೆ ಬದಲು ಅರಿಶಿನದ ದಾರ ಕಟ್ಟಿಕೊಳ್ಳುತ್ತೇವೆ ಎಂದರು, ದಾರವೂ ಕೂಡದು ಎಂದೆ. ಗೊಣಗುತ್ತಾ ಮಂಡಿಯ ಕೆಲಸಕ್ಕೆ ಹೋದರು. ಉಳಿದವರು ಗಂಡ ಸತ್ತವರು. ಅವರ ಪೈಕಿ ಪಾಪಕ್ಕ ಎಂಬುವಳು ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ನಕ್ಕಳು. "ಅಂತೂ ಮುಂಡೇರ್ಗೂ ಒಂದು ಕಾಲ ಬಂತು ಕಣಮ್ಮ. ಮದ್ವೆ ಮನೆ ಬಾಗ್ಲಲ್ಲಿ ಈ ಕೈ ಕಂಡ್ರೆ ಮಕ ತಿರುಗಿಸ್ತಿದ್ರು. ಆ ಜರ್ಮನಿಯೋನು ಬರೀ ಕೈನೇ ಬೇಕು ಅಂತವ್ನೆ."

"ಮೊದಲು ಬಾಯಲ್ಲಿರೋದು ಉಗಿದು ಬಾ" ಎಂದು ಗದರಿದೆ. ಆದರೆ ನನಗೂ ಖುಷಿಯಾಗಿತ್ತು. ಈ ಹೆಂಗಸರನ್ನು ಬೇಕು ಎಂದು ಕರೆದವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಒಬ್ಬಳು ಮಾತ್ರ ಎದ್ದು ಹೋಗಲೂ ಇಲ್ಲ, ಕೈ ಮುಂದೆ ಮಾಡಲೂ ಇಲ್ಲ. ಅನಸೂಯ. ಪಕ್ಕದಲ್ಲಿ ಅವಳ ಅತ್ತೆ ಕೊಲ್ಲಾಪುರಮ್ಮ ಕೂತಿದ್ದಳು, ಗಂಡ ಹೋಗಿ ಬಹಳ ಕಾಲವಾದವಳು. ಕುರಿ ಸಾಕುವ ಮನೆ ಅದು. ಅನಸೂಯಳ ಗಂಡ ಚಿಕ್ಕರಾಜು ಕುರಿಮಂದೆ ಹೊಡೆದುಕೊಂಡು ಪಾವಗಡದ ಕಡೆ ಹೋದವನು, ಕುರಿ ಮಾರಿದ ಸುದ್ದಿ ಬಂತು, ಅವನು ಬರಲಿಲ್ಲ. ಆಮೇಲೆ ಊರಿನ ಕ್ಯಾತಪ್ಪ ಆ ಕಡೆಯ ವಳ್ಳೂರಿಗೆ ಹೋಗಿದ್ದಾಗ, ಸೋಲಾರ್ ಹಲಗೆ ತೊಳೆಯುವವರ ನಡುವೆ ಅವನ ಹಾಗೇ ಇದ್ದ ಒಬ್ಬನನ್ನು ಕಂಡೆ ಎಂದ. ಅತ್ತೆ ಸೊಸೆ ಇಬ್ಬರೂ ಬುತ್ತಿ ಕಟ್ಟಿಕೊಂಡು ಹೋಗಿ, ಕಣ್ಣು ಕೋರೈಸುವ ಆ ಗಾಜಿನ ಬಯಲಲ್ಲಿ ಅಲೆದು ಬಂದರು. ಅಲ್ಲಿದ್ದವರು ಯಾರ್ಯಾರೋ. ಅದು ನಡೆದೂ ವರ್ಷಗಳು ಕಳೆದಿದ್ದವು. ಬದುಕಿದ್ದಾನೋ ಸತ್ತಿದ್ದಾನೋ ಹೇಳುವವರಿಲ್ಲ. ಅವನ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ. ಸಾಯುವುದಾದರೆ ಸುದ್ದಿ ಕೊಟ್ಟು ಸಾಯಬೇಕು, ಬಿಟ್ಟು ಹೋಗುವುದಾದರೆ ಹೇಳಿ ಹೋಗಬೇಕು.

"ತೆಗೆದಿಡು ಅನಸೂಯ. ಸಂಜೆ ಮತ್ತೆ ಹಾಕಿಕೊಳ್ಳುವೆಯಂತೆ" ಎಂದೆ.

ಉತ್ತರ ಕೊಟ್ಟವಳು ಕೊಲ್ಲಾಪುರಮ್ಮ. "ಬರಾಕಿಲ್ಲ ಕಣಮ್ಮ. ಅವ ಕುರಿ ಹೊಡ್ಕಂಡು ಹೊಂಟ ವಾರ ತೊಡ್ಸಿದ್ದು. ಹುಣಸೆ ಬಡ್ದು ಬಡ್ದು ಕೈ ದಪ್ಪ ಆಗೈತೆ. ತೆಗೀಬೇಕು ಅಂದ್ರೆ ಒಡೀಬೇಕು." ಆಮೇಲೆ ದನಿ ತಗ್ಗಿಸಿದಳು. "ಬೆಳಿಗ್ಗೆ ಎದ್ದು ಮೊದ್ಲು ಅವ್ಳ ಕೈ ನೋಡ್ತೀನಿ. ಅದ್ರಾಗೆ ಬಳೆ ಇರೋಗಂಟ ನನ್ ಮಗ ಅವ್ನೆ."

ಬಳೆ ಒಡೆಯುವುದು ಎಂದರೆ ಗಂಡ ಸತ್ತ ಶಾಸ್ತ್ರ. ಒಡೆಯಿರಿ ಎಂದು ಯಾವ ಬಾಯಲ್ಲಿ ಹೇಳಲಿ? ಕೆಲಸಕ್ಕೆ ಬರಬೇಡ ಎಂದೂ ಹೇಳಲಾಗಲಿಲ್ಲ, ಆ ಮನೆಗೆ ಬೇರೆ ಗತಿ ಇರಲಿಲ್ಲ. ಪಾಪಕ್ಕನೇ ದಾರಿ ತೋರಿಸಿದಳು. ಬಳೆಗಳನ್ನು ಮುಂಗೈ ಮೇಲಕ್ಕೆ ಸರಿಸಿ, ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ತೋಳು ಹಾಕಿ ರಬ್ಬರು ಬಿಗಿದರು. ನಾನು ಎಳೆದು ನೋಡಿ ಸರಿ ಎಂದೆ. ಅತ್ತೆ ಸೊಸೆಯ ಮುಖ ಅರಳಿತು.

ಆ ದಿನಗಳಲ್ಲಿ ಶೆಡ್ಡಿನಲ್ಲಿ ಹಾಡೇ ಹಾಡು. ಮಧುಗಿರಿಯಿಂದ, ಶಿರಾದಿಂದ ಹಣ್ಣು ಬಂತು. ಕೊಡತಿಯಲ್ಲಿ ಬಡಿದು, ಬೀಜ ಬಿಡಿಸಿ, ನಾರು ಎಳೆದು ಪೆಟ್ಟಿಗೆ ತುಂಬಿದರು. ಹುಳು ರೋಗ ಇಲ್ಲವೆಂಬ ಸರ್ಟಿಫಿಕೇಟು ಬಂತು. ಕಂಟೇನರ್ ಲಾರಿ ಬಂದಾಗ ಪಾಪಕ್ಕ ಹಿಂದೆ ನಿಂತಳು, ಶುಭಕ್ಕೆ ಅವಳು ಎದುರು ಬರಬಾರದಂತೆ. ನನಗೆ ರೇಗಿತು. "ಕೆಲಸ ಮಾಡಿದವಳು ನೀನು, ಹಿಂದೆ ಯಾಕೆ ಸಾಯ್ತೀಯ? ಬಂದು ಕಾಯಿ ಒಡಿ" ಎಂದೆ. ಅವಳು ಒಡೆದಳು. ಚೆನ್ನೈನಲ್ಲಿ ಹಡಗು ಹತ್ತಿದ ಸುದ್ದಿ ಬಂದ ದಿನ ಎಲ್ಲರಿಗೂ ಒಬ್ಬಟ್ಟು ಹಾಕಿಸಿದೆ.

ಫೋನಿನಲ್ಲಿ ಫೋಟೊ ಬಂದಾಗ ಮಾವಿನ ಕಾಲ ಮುಗಿಯುತ್ತಿತ್ತು. ಬಿಳಿ ಹಾಳೆಯ ಮೇಲೆ ಒಂದು ಹಸಿರು ಗಾಜಿನ ಚೂರು, ಪಕ್ಕದಲ್ಲಿ ಅಳತೆಯ ಪಟ್ಟಿ. ಚೂರಿನ ಮೇಲೆ ಬಂಗಾರದ ಬಣ್ಣದ ಚುಕ್ಕಿ ಇನ್ನೂ ಉಳಿದಿತ್ತು. ಕೆಳಗೆ ಬರೆದಿದ್ದರು: ಹೊರವಸ್ತು, ಗಾಜು, ಇಡೀ ಸರಕು ತಿರಸ್ಕೃತ.

"ಹಡಗು ಹತ್ತಿದ ಮೇಲೆ ಹೊಣೆ ಅವರದು ಅಂತಿದ್ದೆಯಲ್ಲ?" ರುದ್ರಯ್ಯ ಮೆಲ್ಲಗೆ ಕೇಳಿದರು.

"ಹಡಗು ಮುಳುಗಿದರೆ ಅವರದು ರೀ. ಪೆಟ್ಟಿಗೆಯೊಳಗೆ ನಾವೇ ಹಾಕಿ ಕಳಿಸಿದ್ದು ನಮ್ಮದೇ" ಎಂದು ಸಿಡುಕಿದೆ. ಅವರ ಮೇಲಲ್ಲ ಸಿಟ್ಟು, ಪಾಪ.

ಶೆಡ್ಡಿಗೆ ಹೋಗಿ ಫೋನನ್ನು ಪಾಪಕ್ಕನ ಕೈಗೆ ಕೊಟ್ಟೆ. ಅದು ಕೈಯಿಂದ ಕೈಗೆ ಹೋಯಿತು. ಯಾರೂ ಅನಸೂಯಳ ಕಡೆ ನೋಡಲಿಲ್ಲ. ಕೊನೆಗೆ ಕೊಲ್ಲಾಪುರಮ್ಮನಿಗೆ ಬಂತು. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಸೆರಗು ಎಳೆದು ಸೊಸೆಯ ಕೈ ಮುಚ್ಚಿದಳು.

"ಯಾವತ್ತು ಒಡೆಯಿತೇ?" ಎಂದೆ.

"ರಬ್ಬರು ಸಡ್ಲಾಗಿ ಬಳೆ ಒಂದು ಕೆಳಗಿಳ್ದಿತ್ತು, ಕೊಡತಿ ತಾಗ್ತು ಕಣಮ್ಮ" ಅನಸೂಯ ನೆಲ ನೋಡುತ್ತಾ ಹೇಳಿದಳು. "ಸಿಕ್ಕಿದ್ ಚೂರೆಲ್ಲ ಆಯ್ದೆ. ಎಲ್ಲಾ ಸಿಕ್ತು ಅನ್ಕಂಡೆ."

"ಬಾಯಿ ಬಿಟ್ಟು ಹೇಳಿದ್ದರೆ ಆ ಪೆಟ್ಟಿಗೆ ಒಂದನ್ನು ತೆಗೆದಿಡುತ್ತಿದ್ದೆನಲ್ಲೇ!"

"ಬಳೆ ಒಡೀತು ಅಂತ ಹೆಂಗಮ್ಮ ಬಾಯಾಗೆ ಆಡ್ಲಿ? ಅತ್ತೆ ಪಕ್ಕದಾಗೇ ಕೂತಿದ್ರು."

ಅವಳು ಹೇಳಿದ್ದು ನಿಜ. ನಮ್ಮಲ್ಲಿ ಮುತ್ತೈದೆ ಬಳೆ ಒಡೆದ ಮಾತನ್ನು ಆಡುವುದಿಲ್ಲ. ಆ ಮುದುಕಿಯ ಕಿವಿಗೆ ಬೀಳುವಂತೆ ಅವಳು ಅದನ್ನು ಹೇಗೆ ಹೇಳುತ್ತಿದ್ದಳು? ಅತ್ತೆಯ ಮಗನನ್ನು ಉಳಿಸಲು ಹೋಗಿ ಸುಮ್ಮನಿದ್ದಳು.

ರಫ್ತಿನ ಕೆಲಸ ನಿಂತಿತು. ಪಾಪಕ್ಕ ಮತ್ತು ಉಳಿದವರು ಕೂಲಿಗೆ ಅಲೆಯತೊಡಗಿದರು. ಒಬ್ಬರೂ ಅನಸೂಯಳನ್ನು ಅನ್ನಲಿಲ್ಲ, ಅದೇ ಅವಳಿಗೆ ಹೆಚ್ಚು ಸುಟ್ಟಿತು. ನಾನು ವ್ಯಾಪಾರಿಗೆ ಬರೆದೆ, ಇನ್ನೊಂದು ಅವಕಾಶ ಕೊಡಿ ಎಂದು ಬೇಡಿದೆ. ಬೇಡುವುದು ನನ್ನ ಜಾಯಮಾನವಲ್ಲ, ಆದರೂ ಬೇಡಿದೆ. ಒಂದು ಸೋಮವಾರ ನಮ್ಮ ಹಡಗಿನ ಏಜೆಂಟು ತುಮಕೂರಿಗೆ ಕರೆದ. ಆಸೆಯಿಂದ ಹೋದೆ. ಜರ್ಮನಿಯವರು ಬೇರೆ ಕಡೆ ಕೊಂಡಾಯಿತು, ಇನ್ನು ನಮ್ಮ ಹತ್ತಿರ ಕೊಳ್ಳುವುದಿಲ್ಲವಂತೆ ಎಂದ.

ಬಸ್ಸಿಳಿದು ಮಧ್ಯಾಹ್ನದ ಬಿಸಿಲಲ್ಲಿ ಶೆಡ್ಡಿಗೆ ಬಂದರೆ, ಅಂಗಳದ ಒಗೆಯುವ ಕಲ್ಲಿನ ಹತ್ತಿರ ಅತ್ತೆ ಸೊಸೆ ಕೂತಿದ್ದರು. ಸೋಪಿನ ನೀರಿನ ಬಟ್ಟಲಿತ್ತು. ಕೊಲ್ಲಾಪುರಮ್ಮ ಸೊಸೆಯ ಕೈಗೆ ಸೋಪು ಸವರಿ ಬಳೆ ಎಳೆಯುತ್ತಿದ್ದಳು. ಬಳೆ ಗೆಣ್ಣಿನ ಹತ್ತಿರ ಬಂದು ನಿಲ್ಲುತ್ತಿತ್ತು. ಮತ್ತೆ ಸವರಿದಳು, ಮತ್ತೆ ಎಳೆದಳು. ಚರ್ಮ ಕೆಂಪಾಗಿತ್ತು.

"ನಿಲ್ಲಿಸ್ರೇ" ಎಂದು ಗೇಟಿನಿಂದಲೇ ಕೂಗಿದೆ.

ಅವಳು ತಲೆ ಎತ್ತಲಿಲ್ಲ. ಸೊಸೆಯ ಕೈಯನ್ನು ಕಲ್ಲಿನ ಅಂಚಿಗೆ ಇಟ್ಟು, ಕಣ್ಣು ಮುಚ್ಚಿ ಬಡಿದಳು. ಒಂದು ಕೈ, ಆಮೇಲೆ ಇನ್ನೊಂದು. ನಾನು ತಲುಪುವಷ್ಟರಲ್ಲಿ ಮುಗಿದಿತ್ತು. ಅನಸೂಯ ಸದ್ದಿಲ್ಲದೆ ಅಳುತ್ತಿದ್ದಳು.

"ಇನ್ನೊಂದು ಲಾರಿ ಕಳ್ಸಮ್ಮ" ಎಂದಳು ಕೊಲ್ಲಾಪುರಮ್ಮ. ಹಸಿರು ಚೂರುಗಳನ್ನು ಒಂದೊಂದಾಗಿ ಆಯ್ದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. "ಈಗ ಯಾವನೂ ಏನೂ ಅನ್ನಂಗಿಲ್ಲ. ಪಾಪಕ್ಕನ ಮನ್ಯಾಗೆ ಒಲೆ ಉರೀತಿಲ್ಲ. ಇಷ್ಟು ಜನದ ಹೊಟ್ಟೆ ಮ್ಯಾಲೆ ಹೊಡ್ದು ಅವನ್ನ ಎಷ್ಟು ದಿನ ಬದುಕಿಸ್ಕಂಡಿರ್ಲಿ? ಬರಂಗಿದ್ರೆ ಬಂದಿರೋನು ಕಣಮ್ಮ."

ನಾನು ಎಂಥವರಿಗೂ ಎದುರು ಮಾತಾಡುವವಳು. ಆದರೆ ಲಾರಿಯಿಲ್ಲ, ವ್ಯಾಪಾರಿಯೂ ಇಲ್ಲ ಎಂದು ಆ ಮುದುಕಿಯ ಮಡಿಲನ್ನು ನೋಡುತ್ತಾ ಹೇಗೆ ಹೇಳಲಿ? "ನಾಳೆ ಎಲ್ಲರನ್ನೂ ಕರಕೊಂಡು ಬನ್ನಿ" ಎಂದಷ್ಟೇ ಹೇಳಿ ಒಳಗೆ ಹೋಗಿ ಅತ್ತುಬಿಟ್ಟೆ.

ಮರುದಿನ ಎಲ್ಲರೂ ಬಂದರು. ಮಂಡಿಯಲ್ಲಿದ್ದ ಹಣ್ಣನ್ನೇ ಸುರಿಸಿದೆ. ಮುತ್ತೈದೆಯರೂ ಬಂದು ಕೂತರು, ಕೊಡತಿ ಎತ್ತಿ ಇಳಿಸುವಾಗಲೆಲ್ಲ ಅವರ ಬಳೆಗಳು ಸದ್ದು ಮಾಡುತ್ತಿದ್ದವು. ಕೊಲ್ಲಾಪುರಮ್ಮ ಒಂದೆರಡು ಸಲ ಆ ಕಡೆ ತಿರುಗಿ ನೋಡಿದಳು.

ಅನಸೂಯ ಬೀಜ ಬಿಡಿಸುತ್ತಾ ನನ್ನನ್ನು ಕೇಳಿದಳು. "ಇದು ಯಾವ ದೇಶಕ್ಕೆ ಹೋಗ್ತದಮ್ಮ?"

ಸುಳ್ಳು ಹೇಳಬೇಕೆಂದುಕೊಂಡೆ, ಆಗಲಿಲ್ಲ.

"ಮಧುಗಿರಿ ಸಂತೆಗೆ" ಎಂದೆ.

ಅವಳು ಪಕ್ಕದವಳ ಕೈಯ ಬಳೆ ನೋಡಿದಳು, ತನ್ನ ಕೈ ನೋಡಿಕೊಂಡಳು. ಸೆರಗಿನ ತುದಿಯನ್ನು ಮುಂಗೈಗೆ ಸುತ್ತಿಕೊಂಡು, ಅತ್ತೆಗೆ ಕಾಣದ ಹಾಗೆ ಸ್ವಲ್ಪ ತಿರುಗಿ ಕೂತು, ಮತ್ತೆ ಬೀಜ ಬಿಡಿಸತೊಡಗಿದಳು.