ಹ್ಯಾಂಡ್‌ಬ್ರೇಕಿನ ಗೂಟ

ತುಟಿಯ ಮೇಲೆ ತುಕ್ಕಿನ ಪುಡಿ ಉದುರಿತು, ನಾಲಿಗೆಯಿಂದ ಮುಟ್ಟಬಾರದಿತ್ತು, ಮುಟ್ಟಿಯಾಯಿತು, ಥೂ ಎಂದು ಪಕ್ಕಕ್ಕೆ ಉಗಿದು ಮಲ್ಕಾ ಕಣ್ಣು ಕಿರಿದು ಮಾಡಿಕೊಂಡು ಮೇಲೆ ನೋಡಿದಳು—ಮೇಲೆ ಎಂದರೆ ಆಕಾಶವಲ್ಲ, ಮೂಗಿಗೆ ಒಂದೂವರೆ ಗೇಣು ದೂರದಲ್ಲಿ ಅವಳದೇ ಕಾರಿನ ಹೊಟ್ಟೆ, ಎಷ್ಟೋ ಮಳೆಗಾಲದ ಕೆಸರು ಹೆಪ್ಪುಗಟ್ಟಿ ಕಪ್ಪಗಾದದ್ದು, ಇದರೊಳಗೆ ಕೂತು ಆರ್.ಟಿ. ನಗರದ ಅರ್ಧ ಹೆಂಗಸರಿಗೆ ಡ್ರೈವಿಂಗ್ ಕಲಿಸಿದ್ದಾಳೆ, ಬಾಗಿಲ ಮೇಲೆ ‘ಮಹಿಳೆಯರಿಗೆ ಮಹಿಳೆಯಿಂದಲೇ’ ಎಂದು ಕೆಂಪಕ್ಷರದಲ್ಲಿ ಬರೆಸಿದ್ದಾಳೆ, ಆದರೆ ಹೊಟ್ಟೆಯನ್ನು ಮಾತ್ರ ಇಷ್ಟು ಹತ್ತಿರದಿಂದ ಇವತ್ತೇ ನೋಡುತ್ತಿರುವುದು, ಪರವಾಗಿಲ್ಲ, ಎಲ್ಲರ ಹೊಟ್ಟೆಯೂ ಹೀಗೇ ಇರುತ್ತದೆ, ಮೇಲೆ ಪಾಲಿಶು ಕೆಳಗೆ ತುಕ್ಕು. ಅಗೋ ಅಲ್ಲಿದೆ ನಿನ್ನೆ ಟಾರ್ಚಿಗೆ ಸಿಕ್ಕಿದ್ದ ಕಳ್ಳ. ಹ್ಯಾಂಡ್‌ಬ್ರೇಕಿನ ಲಿವರಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಕೇಬಲ್, ಇಲಿಯ ಬಾಲದ ಹಾಗೆ ಕಪ್ಪಗೆ, ಅದನ್ನು ಹಿಡಿದುಕೊಂಡಿರಬೇಕಾದ ಕಬ್ಬಿಣದ ಕ್ಲಾಂಪು ಎರಡು ತುಂಡು—ಒಂದು ತುಂಡು ಇನ್ನೂ ಬೋಲ್ಟಿಗೆ ಕಚ್ಚಿಕೊಂಡಿದೆ, ಇನ್ನೊಂದು ಕೇಬಲ್ಲಿನ ಜೊತೆ ಜೋತಾಡುತ್ತಿದೆ. ಬೆರಳುದ್ದದ ತಗಡು, ಅಷ್ಟೇ. ಲಿವರ್ ಎಳೆದಾಗ ಒಳಗಿನ ತಂತಿ ಮಾತ್ರ ಓಡಬೇಕು, ಹೊರಗಿನ ಕೊಳವೆ ಅಲ್ಲಾಡಬಾರದು, ಅಲ್ಲಾಡದ ಹಾಗೆ ಹಿಡಿಯುವುದೇ ಈ ಕ್ಲಾಂಪಿನ ಕೆಲಸ, ಅದು ಮುರಿದರೆ ಕೊಳವೆಯೂ ತಂತಿಯ ಜೊತೆಗೇ ಓಡುತ್ತದೆ, ಮೇಲೆ ಕೂತವರು ಕೈ ನೋಯುವಷ್ಟು ಎಳೆದರೂ ಚಕ್ರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಮುರಿದದ್ದು ಕಣ್ಣಿಗೆ ಬಿದ್ದ ಮೇಲೆ ಅರ್ಧ ಕೆಲಸ ಆದ ಹಾಗೆ. ಉಳಿದರ್ಧಕ್ಕೆ ಎರಡು ಕೈ ಸಾಕು.

ಸುದ್ದಿ ಮುಟ್ಟದೆ ಹೋದದ್ದು ನಿನ್ನೆ, ಬ್ಯಾಟರಾಯನಪುರದ ಹಿಂದಿನ ಆ ಖಾಲಿ ಏರು ರಸ್ತೆಯಲ್ಲಿ, ಸೊಣ್ಣಮ್ಮ ಸ್ಟೇರಿಂಗ್ ಹಿಡಿದಿದ್ದಾಗ. ಅರವತ್ತು ದಾಟಿದ ಹೆಂಗಸು, ಹಳೆಯ ಹಳ್ಳಿಯ ಗೌಡರ ಮನೆಯ ಯಜಮಾನಿ, ಊರು ಬಡಾವಣೆಯಾಗಿ ಹೊಲದಲ್ಲಿ ಬಿಲ್ಡಿಂಗು ಎದ್ದ ಮೇಲೂ ಸೆರಗನ್ನು ಸೊಂಟಕ್ಕೆ ಬಿಗಿದೇ ಕಾರು ಹತ್ತುವವರು, ಏರಿನ ಮಧ್ಯದಲ್ಲಿ ನಿಲ್ಸಿ ಅಮ್ಮಾ ಎಂದಿದ್ದಳು ಮಲ್ಕಾ, ನಿಲ್ಲಿಸಿದರು, ಹ್ಯಾಂಡ್‌ಬ್ರೇಕ್ ಎಳೀರಿ, ಎಳೆದರು, ಈಗ ಬ್ರೇಕಿಂದ ಕಾಲ್ ತೆಗೀರಿ, ತೆಗೆದರು, ಕಾರು ಹಿಂದಕ್ಕೆ ಜಾರಿತು—ಮೊದಲು ಮೆಲ್ಲಗೆ, ಯಾರೋ ಸೆರಗು ಹಿಡಿದು ಎಳೆದ ಹಾಗೆ, ಆಮೇಲೆ ಒಮ್ಮೆಲೇ, ಹಿಂದೆ ಎಳನೀರಿನ ಗಾಡಿ, ಗಾಡಿಯವನು ಏಯ್ ಏಯ್ ಏಯ್ ಎಂದು ಕೂಗುತ್ತ ಮೋರಿ ಹಾರಿದ, ಸೊಣ್ಣಮ್ಮ ಎರಡೂ ಕೈ ಬಿಟ್ಟು ಕಿವಿ ಮುಚ್ಚಿಕೊಂಡರು, ಕಣ್ಣಲ್ಲ, ಕಿವಿ! ಮಲ್ಕಾ ತನ್ನ ಕಡೆಯ ಜೋಡಿ ಬ್ರೇಕನ್ನು ಮೆಟ್ಟಿದಳು. ನಿಂತಿತು. ಎಳನೀರಿನ ಗಾಡಿಗೂ ಬಂಪರಿಗೂ ನಡುವೆ ಒಂದು ಎಳನೀರು ಹಿಡಿಸುವಷ್ಟು ಜಾಗ. ಯಾರಿಗೂ ಏನೂ ಆಗಲಿಲ್ಲ ಎಂದು ಎಲ್ಲರೂ ಹೇಳಿದರು, ಸೊಣ್ಣಮ್ಮ ಮಾತ್ರ ಇಳಿದು ಅಂಗೈ ಒರೆಸಿಕೊಂಡು, ನನ್ ಕೈಲಾಗಾಕಿಲ್ಲ ಬುಡಮ್ಮ, ನನ್ ಕೈಯಾಗೆ ಬಲಾನೇ ಇಲ್ಲ, ಯಾರ್ನಾರ ಸಾಯ್ಸಿಬುಡ್ತೀನಿ, ಎಂದು ಕಾರಿನ ಕಡೆ ತಿರುಗಿಯೂ ನೋಡದೆ ನಡೆದುಬಿಟ್ಟರು. ಸಂಜೆ ಮಲ್ಕಾ ಕಾರಿನ ಕೆಳಗೆ ಟಾರ್ಚು ಬಿಟ್ಟು ನೋಡಿ ಫೋನು ಮಾಡಿದಳು, ಅಮ್ಮಾ ನಿಮ್ ತಪ್ಪಲ್ಲ, ಕೇಬಲ್ ಕ್ಲಾಂಪ್ ಮುರಿದಿತ್ತು. ಆ ಕಡೆಯಿಂದ ನಗು, ಇಷ್ಟವಿಲ್ಲದ ನಗು, ನಂಗೆ ಬೇಜಾರಾಗ್ಬಾರ್ದು ಅಂತ ಯೋಳ್ತೀಯ, ಗೊತ್ತಮ್ಮ, ನೀನ್ ಒಳ್ಳೇಳು. ಒಳ್ಳೆಯವಳಂತೆ. ಒಳ್ಳೆಯವಳೆಂದು ಹೇಳಿ ಸುಳ್ಳುಗಾತಿ ಮಾಡಿದರು.

ನಾಳೆ ಬೆಳಿಗ್ಗೆ ಟೆಸ್ಟು. ಏರಿನಲ್ಲಿ ನಿಲ್ಲಿಸಿ ತೋರಿಸಲೇಬೇಕು. ಮೆಕ್ಯಾನಿಕ್ ಶೆಡ್ಡಿನ ಅರ್ಮಾನ್ ಏನೋ ಒಳ್ಳೆಯವನೇ, ಅಕ್ಕಾ ಆ ಕ್ಲಾಂಪ್ ಒಂದೇ ಬರಲ್ಲ, ಕೇಬಲ್ ಸೆಟ್ಟೇ ತರಿಸ್ಬೇಕು, ಸೋಮವಾರ ಆಗುತ್ತೆ, ಬೇರೆ ಗಾಡೀಲಿ ಟೆಸ್ಟ್ ಕೊಡ್ಸಿ, ಎಂದ. ಬೇರೆ ಗಾಡಿಯಲ್ಲಿ ಕೂರಿಸಿದರೆ ಸೊಣ್ಣಮ್ಮ ಏನೆಂದುಕೊಳ್ಳುತ್ತಾರೆ, ಈ ಕಾರು ತನ್ನ ಕೈಗೆ ಬಗ್ಗಲಿಲ್ಲ ಎಂದೇ, ಅಲ್ಲದೆ ಕೂರುವುದೇ ಇಲ್ಲ. ಬೇಡ. ಸ್ಟ್ಯಾಂಡ್ ಇದ್ರೆ ಕೊಡಪ್ಪ ಸಾಕು, ನಾನೇ ಮಾಡ್ಕೋತೀನಿ ಎಂದಳು, ಅವನು, ಜಾಕ್ ಒಂದನ್ನೇ ನಂಬ್ಕೊಂಡು ಕೆಳಗೆ ಹೋಗ್ಬೇಡಿ ಅಕ್ಕಾ ಎಂದು ಎರಡು ಸ್ಟ್ಯಾಂಡು ಕೊಟ್ಟು ಕಳಿಸಿದ. ನಂಬಿಲ್ಲ. ಸ್ಟ್ಯಾಂಡಿನ ಮೇಲೆ ಕೂರಿಸಿ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಸೈಜುಗಲ್ಲು ಕೊಟ್ಟು, ಸ್ಟೆಪ್ನಿಯನ್ನೂ ಅಡ್ಡ ಮಲಗಿಸಿ, ಕಾರನ್ನು ಅಲ್ಲಾಡಿಸಿ ನೋಡಿಯೇ ಒಳಗೆ ಜಾರಿದ್ದು, ಆದರೂ ಬಾಗಿಲಲ್ಲಿ ಅಮ್ಮಿ ತಸ್ಬೀಹ್ ಮಣಿ ಎಣಿಸುತ್ತ, ನಕ್ಕೋ ಬೇಟಾ, ಗಾಡಿ ಕೆ ನೀಚೆ ನಕ್ಕೋ ಜಾ, ಹೋಗ್ಬೇಡ ಕೆಳಗೆ, ಗಂಡಸರು ಮಾಡೋ ಕೆಲ್ಸ ಅದು—ಅಮ್ಮಿಗೆ ಕಾರಿನ ಚಿಂತೆ ಕಾಲು ಭಾಗ, ಮುಕ್ಕಾಲು ಭಾಗ ರ್‍ಯಾಕಿನ ಚಿಂತೆ. ಉಪ್ಪಿನಕಾಯಿ ಜಾಡಿ ಇಡುವ ಆ ತೂತು ತೂತಿನ ಕಬ್ಬಿಣದ ರ್‍ಯಾಕು, ಅದರ ಕಾಲು ಮೇಲಿನ ಅಂತಸ್ತನ್ನೂ ದಾಟಿ ಸುಮ್ಮನೆ ಚಾಚಿಕೊಂಡಿತ್ತು, ಬೇಡದ ಉದ್ದ, ಬೆಳಿಗ್ಗೆ ಎದ್ದು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದುಕೊಂಡಳು, ಕರ್ ಕರ್ ಎಂದು, ಅಮ್ಮಿ ಬದರುನ್ನೀಸಾ ಬೇಗಂ ಜಾಡಿಗಳನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತಿದ್ದರು, ಭೂಕಂಪ ಆದವರ ಹಾಗೆ. ಎಲ್ ಆಕಾರದಲ್ಲಿ ಮೊದಲೇ ಮಡಿಚಿದ ಕಬ್ಬಿಣ, ತೂತು ಮೊದಲೇ ಇದೆ, ಇದಕ್ಕಿಂತ ಇನ್ನೇನು ಬೇಕು. ಒಂದು ಪದರ ತೆಳುವಾಯಿತು ಅನ್ನಿಸಿ ಎರಡು ತುಂಡು ಒಂದರ ಬೆನ್ನಿಗೊಂದು ಸೇರಿಸಿದಳು, ಕೇಬಲ್ ಕೂರುವ ಜಾಗವನ್ನು ಅರದಿಂದ ಉಜ್ಜಿ ಉಜ್ಜಿ ಅಗಲ ಮಾಡಿದಳು, ಹಳೆಯದರ ಮೇಲೆ ನಿನ್ನೆಯೇ ದಾರ ಹಿಡಿದು ತೆಗೆದುಕೊಂಡ ಅಳತೆಗೆ ಹೋಲಿಸಿ ನೋಡಿ, ಇನ್ನೊಂದು ಸಲ ಉಜ್ಜಿ, ದರ್ಜಿ ತೋಳು ಹೊಂದಿಸುವ ಹಾಗೆ. ಗಂಡ ಹಬೀಬುಲ್ಲಾ ಕಾಲು ಮುರಿದುಕೊಂಡು ಮಲಗಿದ ವರ್ಷ ಅವನ ವ್ಯಾನನ್ನು ಇವಳು ಓಡಿಸಿದ್ದಳಲ್ಲ, ಆಗಲೂ ಬೀದಿಯೆಲ್ಲ ಹೀಗೇ ಬಾಗಿಲಿಗೆ ಬಂದು ನೋಡಿತ್ತು, ಈಗ ಆ ಬೀದಿಯ ಹೆಂಗಸರೇ ಬುರ್ಖಾ ಮೇಲೆತ್ತಿ ಕ್ಲಚ್ಚು ತುಳಿಯುತ್ತಾರೆ, ನೋಡಲಿ, ನೋಡುವುದಕ್ಕೇನು.

ಈ ಹಳೆಯ ಬೋಲ್ಟು ಬಿಡಬೇಕಲ್ಲ. ನಿನ್ನೆಯೇ ಹೊರಗಿನಿಂದ ಕೈ ಚಾಚಿ ತುಕ್ಕು ಬಿಡಿಸುವ ಎಣ್ಣೆ ಕುಡಿಸಿದ್ದಾಳೆ. ಸ್ಪ್ಯಾನರ್ ಕೂರಿಸಿ, ಭುಜ ನೆಲಕ್ಕೆ ಒತ್ತಿ, ಬಾ, ಬಾರೋ, ಒಂದು ಕೂದಲೆಳೆಯಷ್ಟು—ಜಾರಿತು, ಗೆಣ್ಣು ಸಿಪ್ಪೆ ಹೋಯಿತು, ಹಾಯ್ ಅಲ್ಲಾ, ಮೂಲೆ ಸವೆದುಹೋದರೆ ಕತೆ ಮುಗಿಯಿತು, ಅವಸರ ಬೇಡ, ಸೊಣ್ಣಮ್ಮನಿಗೆ ಏನು ಹೇಳುತ್ತಿದ್ದೆ ನೀನು, ಅರ್ಧ ಕ್ಲಚ್ಚಲ್ಲಿ ಉಸಿರು ಹಿಡಿದು ಕಾಯಿರಿ ಅಮ್ಮಾ, ಗಾಡಿನೇ ಹೇಳುತ್ತೆ ಯಾವಾಗ ಹೊರಡ್ಬೇಕು ಅಂತ—ಮತ್ತೆ ಎಣ್ಣೆ, ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನಾಲ್ಕು ಪೆಟ್ಟು, ಮತ್ತೆ ಸ್ಪ್ಯಾನರ್, ಉಸಿರು ಹಿಡಿದು, ಕಿರ್ ಎಂದಿತು, ಆಹಾ, ಬಿಟ್ಟಿತು. ಬಿಡದೆ ಎಲ್ಲಿಗೆ ಹೋಗುತ್ತದೆ. ಅಷ್ಟರಲ್ಲಿ ಗೇಟಿನ ಸದ್ದು, ಅವರೆಕಾಯಿಯ ವಾಸನೆ, ಸೊಗಡಿನ ವಾಸನೆ ಕಾರಿನ ಕೆಳಗೂ ಬಂತು, ಅಮ್ಮಿ ಯಾರನ್ನೋ ಬನ್ನಿ ಬನ್ನಿ ಎನ್ನುತ್ತಿದ್ದಾರೆ, ಆಮೇಲೆ ಆ ಗಟ್ಟಿ ದನಿ, ಮಲ್ಕಮ್ಮ ಎಲ್ಲವಳೆ, ಒಂದೀಟು ಅವರೇಕಾಯಿ ತಂದಿದ್ದೆ, ಯೋಳಿಬುಟ್ಟು ಓಗಾಣ ಅಂತ ಬಂದೆ, ಇನ್ಮೇಲೆ ಬರಾಕಿಲ್ಲ ಅಂತ.

ಬರಾಕಿಲ್ಲ. ಅವರೆಕಾಯಿ ಕೊಟ್ಟು ಬಿಡಿಸಿಕೊಳ್ಳುವುದು. ಮಲ್ಕಾಳ ಕೈ ಬೋಲ್ಟಿನ ಮೇಲೆಯೇ ನಿಂತಿತು. ಅವರ ಅಬ್ಬಿಗೆರೆಯ ತಂಗಿಯ ಗತಿ ಏನು ಹಾಗಾದರೆ? ಮೊದಲ ದಿನವೇ ಮಲ್ಕಾ ಕೇಳಿದ್ದಳು, ಈ ವಯಸ್ಸಿಗೆ ಯಾಕಮ್ಮಾ ಡ್ರೈವಿಂಗು, ಮನೇಲಿ ಎರಡು ಕಾರಿದೆ, ಮಕ್ಕಳಿದಾರೆ, ಆಟೋ ಇದೆ. ಆಗ ಸೊಣ್ಣಮ್ಮ ಸೀಟ್ ಬೆಲ್ಟನ್ನು ಬೆರಳಿಗೆ ಸುತ್ತುತ್ತ ಹೇಳಿದ್ದು, ನಮ್ಮೆಜಮಾನ್ರು ವೆಂಕಟರಾಮಯ್ಯೋರಿಗೂ ನಮ್ ತಂಗಿ ಗಂಡಂಗೂ ಮಾತಿಲ್ಲ, ಮದ್ವೆ ಪತ್ರಿಕೇಲಿ ಎಸ್ರು ಬುಟ್ರು ಅಂತ, ಬರೀ ಎಸ್ರಿಗೆ ಕಣಮ್ಮ, ಅವರ ಮನೇಗೆ ನಾನ್ ಓಗಂಗಿಲ್ಲ, ನಮ್ಮನೇಗೆ ಅವಳು ಬರಂಗಿಲ್ಲ, ಮಕ್ಕಳು ಎಲ್ಲಿಗಾರ ಕರ್ಕಂಡೋಯ್ತವೆ, ಅಬ್ಬಿಗೆರೆ ಅಂದ್ರೆ ಮಾತ್ರ ಅಪ್ಪ ಬಯ್ತದೆ ಅಂತವೆ, ಆಟೋದಲ್ಲಿ ಓದ್ರೆ ಇಳಿಯೋದೆಲ್ಲಿ, ರೋಡಾಗೆ ನಿಂತ್ಕಂಡು ಅಳಾಕಾಯ್ತದಾ? ನನ್ ಕೈಯಾಗೆ ಕಾರಿದ್ರೆ ಅವಳನ್ನ ಅತ್ತಿಸ್ಕಂಡು ಎಲ್ಲಾರ ಮರದ್ ಕೆಳಗೆ ನಿಲ್ಸ್ಕಂಡು ಕೂತ್ಕಂತೀವಿ, ಕಾರು ಯಾರ ಮನೇನೂ ಅಲ್ವಲ್ಲ. ಯಾರ ಮನೆಯೂ ಅಲ್ಲ—ಆ ಮಾತು ಕೇಳಿದ ದಿನದಿಂದ ಈ ಹಳೆಯ ಕಾರೇ ಮಲ್ಕಾಗೆ ಬೇರೆಯಾಗಿ ಕಂಡಿತ್ತು. ಆದ್ದರಿಂದ ಈಗ ಬಾಯಿಗೆ ಬಂದದ್ದನ್ನೇ ಕೂಗಿದಳು, ಅಮ್ಮಾ ಬರಲ್ಲ ಅಂತ ಆಮೇಲೆ ಹೇಳಿ, ಮೊದ್ಲು ಬಗ್ಗಿ ಇಲ್ಲಿ ನೋಡಿ.

ಬಗ್ಗಿದರು, ಮಂಡಿ ಹಿಡಿದುಕೊಂಡು, ಅಯ್ಯಪ್ಪಾ ಎನ್ನುತ್ತ, ಕೊನೆಗೆ ಕೂತೇಬಿಟ್ಟರು ನೆಲದ ಮೇಲೆ. ಮಲ್ಕಾ ಮುರಿದ ತುಂಡನ್ನು ಅವರ ಅಂಗೈಗೆ ಹಾಕಿದಳು, ಅದರ ಅಂಚಿನ ಮುಕ್ಕಾಲು ಭಾಗ ಹಳೆಯ ತುಕ್ಕಿನಿಂದ ಕಂದು, ತುದಿಯಲ್ಲಿ ಮಾತ್ರ ಹೊಸ ಗಾಯದ ಹೊಳಪು, ನೋಡಿ, ಇದು ವರ್ಷದಿಂದ ಬಿರುಕು ಬಿಟ್ಟು ಕೂತಿತ್ತು, ನಿನ್ನೆ ಕಡೇ ಎಳೆ ಕಿತ್ತುಹೋಯ್ತು, ನಿಮ್ ಕೈಯಲ್ಲಿ ಬಲ ಇದ್ದಿದ್ದಕ್ಕೇ ಕಿತ್ತುಹೋಗಿದ್ದು. ಸೊಣ್ಣಮ್ಮ ತುಂಡನ್ನು ಹೆಬ್ಬೆರಳಿನಿಂದ ಸವರಿದರು, ಕೇಬಲ್ ನೋಡಿದರು, ಬೋಲ್ಟಿನ ತೂತು ನೋಡಿದರು, ಇದೇನು ಗೂಟ ಇದ್ದಂಗಾ ಎಂದು ಕೇಳಿದರು, ಗೂಟವೇ ಅಮ್ಮಾ ಎಂದಳು, ಆಗ ಅವರ ಮುಖದಲ್ಲಿ ಏನೋ ಬಿಗಿ ಬಿಟ್ಟಿತು, ಮತ್ತೆ ಅದನ್ ಯೋಳ್ಬೇಕ್ ತಾನೆ, ಗೂಟ ಕಿತ್ಕಂಡು ಬಂದ್ರೆ ಅಗ್ಗ ಎಷ್ಟ್ ಬಿಗಿಯಾಗಿದ್ರೇನು, ಎಮ್ಮೆ ನಿಂತಾತಾ? ನಾನು ರಾತ್ರಿಯೆಲ್ಲಾ ನನ್ ಕೈನೇ ಬೈಕಂಡೆ, ಎಂದು ಆ ಕೈಯನ್ನೇ ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡುತ್ತ ಕೂತರು, ಮಲ್ಕಾ ಬೇಕೆಂದೇ ಮುಖ ತಿರುಗಿಸಿ ಹೊಸ ಕ್ಲಾಂಪನ್ನು ಜಾಗಕ್ಕೆ ಹಿಡಿದಳು, ಕೂರಲಿಲ್ಲ, ಒಂದಿಷ್ಟು ಓರೆ, ಮತ್ತೆ ಅರ, ಮತ್ತೆ ಹಿಡಿದಳು, ಕೂತಿತು, ಹೊಸ ಬೋಲ್ಟು, ಸ್ಪ್ರಿಂಗ್ ವಾಷರು, ನಟ್ಟು, ಕೊಳವೆಯ ತುದಿಗೆ ಲಾಕು, ಬಿಗಿ, ಇನ್ನೂ ಬಿಗಿ, ಅಮ್ಮಾ ಹೋಗಿ ಒಳಗೆ ಕೂತು ಲಿವರ್ ಎಳೀರಿ, ನಾನಾ? ನೀವೇ, ಕಟ ಕಟ ಕಟ ಎಂದಿತು ಮೇಲೆ, ಇವಳ ಕಣ್ಣೆದುರಿಗೆ ಕೊಳವೆ ಕದಲಲಿಲ್ಲ, ತಂತಿ ಮಾತ್ರ ಬಿಗಿದು ನರದ ಹಾಗಾಯಿತು, ಕೈ ಚಾಚಿ ಎತ್ತಿದ ಚಕ್ರವನ್ನು ತಿರುಗಿಸಲು ನೋಡಿದಳು, ತಿರುಗಲಿಲ್ಲ, ಬಿಡಿ ಅಂದಳು, ತಿರುಗಿತು, ಎಳೀರಿ, ನಿಂತಿತು. ಮಾಷಾಲ್ಲಾ. ರ್‍ಯಾಕಿನ ಕಾಲು ಕಾರಿಗೆ ಬಂತು ಎಂದು ಅಮ್ಮಿ ಬಾಗಿಲಲ್ಲೇ ನಕ್ಕರು.

ಆದರೂ ನಿನ್ನೆಯ ಅದೇ ಏರಿಗೆ ಕಾರನ್ನು ಮೊದಲು ಮಲ್ಕಾ ತಾನೊಬ್ಬಳೇ ಹತ್ತಿಸಿದಳು, ಸೊಣ್ಣಮ್ಮನನ್ನು ರಸ್ತೆಯ ಬದಿಗೆ ನಿಲ್ಲಿಸಿ, ಬಲ ಕಾಲು ಬ್ರೇಕಿನ ಮೇಲೆಯೇ ಕಾಯುತ್ತಿತ್ತು, ಧೈರ್ಯ ಬೇರೆ ಭಂಡತನ ಬೇರೆ, ಲಿವರ್ ಎಳೆದು ಮೆಲ್ಲಗೆ ಕಾಲು ತೆಗೆದಳು, ಕಾರು ಒಂದು ಸಲ ಬೆನ್ನು ಕೊಟ್ಟು ಕೂತಿತು, ಅಷ್ಟೇ, ಮತ್ತೆ ಮಾಡಿದಳು, ಮತ್ತೆ, ಇಳಿದು ಬಗ್ಗಿ ಕ್ಲಾಂಪು ನೋಡಿದಳು, ಕೂದಲಷ್ಟೂ ಬಗ್ಗಿಲ್ಲ, ಎಳನೀರಿನವನು ಇವತ್ತು ಗಾಡಿಯನ್ನು ಆ ಕಡೆಯ ಮೋರಿಯ ಆಚೆಗೆ ಹಾಕಿಕೊಂಡು ಅಲ್ಲಿಂದಲೇ, ಮೇಡಂ ಇವತ್ತು ಯಾರು ಓಡ್ಸೋದು ಎಂದು ಕೂಗಿದ, ನಾನೇ ಕಣಪ್ಪ ಎಂದರು ಸೊಣ್ಣಮ್ಮ, ಮಲ್ಕಾ ಕೇಳುವ ಮೊದಲೇ, ಚಪ್ಪಲಿ ಬಿಟ್ಟು ಒಳಗೆ ಕೂತರು. ಮೊದಲನೆಯ ಗೇರು, ಏರು, ಅರ್ಧಕ್ಕೆ ನಿಲ್ಸಿ, ನಿಲ್ಲಿಸಿದರು, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಕಟ ಕಟ ಕಟ, ಮಲ್ಕಾಳ ಕಾಲು ತನ್ನ ಕಡೆಯ ಪೆಡಲಿನ ಮೇಲೆ ತಾನಾಗಿಯೇ ಹೋಗಿ ಕೂತಿತ್ತು, ಸೊಣ್ಣಮ್ಮ ಅದನ್ನು ನೋಡಿದರು, ತಗಿ ಎಂದರು, ಮಲ್ಕಾ ತೆಗೆದಳು. ಆಮೇಲೆ ಸೊಣ್ಣಮ್ಮ, ಮೆಲ್ಲಗೆ ಎಂದು ಹೇಳಿಕೊಟ್ಟದ್ದನ್ನೆಲ್ಲ ಮರೆತು, ಎರಡೂ ಪಾದಗಳನ್ನು ಒಟ್ಟಿಗೇ ಎತ್ತಿಬಿಟ್ಟರು, ಕೆರೆಯ ಏರಿಯ ಮೇಲೆ ಕೂತ ಹುಡುಗಿ ನೀರಿನಿಂದ ಎತ್ತಿದ ಹಾಗೆ, ಬಿರುಕುಬಿಟ್ಟ ಹಿಮ್ಮಡಿ, ಸವೆದ ಬೆಳ್ಳಿಯ ಕಾಲುಂಗುರ, ಕಾರು ಜಾರಲಿಲ್ಲ, ಈಗ ಕ್ಲಚ್ಚು ಎನ್ನಬೇಕು, ಗೇರು ಎನ್ನಬೇಕು, ನಾಳೆ ಟೆಸ್ಟಿನಲ್ಲಿ ಹೀಗೆ ಎತ್ತಬೇಡಿ ಅಮ್ಮಾ ಎನ್ನಬೇಕು—ಎರಡು ಪಾದ, ಕೆಳಗೆ ಪೆಡಲು, ಹಿಂದೆ ಇಳಿಜಾರು, ಕಾಲುಂಗುರದ ಮೇಲೆ ಬಿಸಿಲು, ಎರಡು ಪಾದ, ಗಾಳಿಯಲ್ಲಿ