ಮೆಟ್ಟಿಲ ತಿರುವಿನ ಕುರ್ಚಿ

"ಮೊದಲು ಆ ಕುರ್ಚಿ ಎಳೀರಿ! ತಿರುಗಿಸೋಕೆ ಜಾಗ ಸಾಲ್ತಿಲ್ಲ," ಎಂದು ಮುಂದೆ ಹೆಗಲು ಕೊಟ್ಟವನು ಕೂಗಿದ. ಡ್ರೈವರನ ಹೆಣ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಎಂಥೆಂಥ ಸಂದಿಯಲ್ಲೋ ಬಸ್ಸು ತೂರಿಸಿದವನಿಗೆ ಕೊನೆಗೆ ತನ್ನ ಮನೆಯ ಮೆಟ್ಟಿಲೇ ಅಡ್ಡ ಬಂತು.

ಮಗಳ ತೋಳು ಹಿಡಿದು ಹಿಂದೆ ಇಳಿಯುತ್ತಿದ್ದ ಹೆಂಡತಿ ಕೇಳಿದಳು, "ಯಾರದು ಆ ಕುರ್ಚಿ?"

ಕೆಳಮನೆಯ ಟೈಲರಮ್ಮ ಅದನ್ನು ಎದೆಗವಚಿಕೊಂಡು ಗೋಡೆಗೆ ಒತ್ತಿ ನಿಂತಿದ್ದಳು. "ನಂದೇ ಅಕ್ಕಾ. ಅಣ್ಣ ಬರೋ ಹೊತ್ತಿಗೆ ಅವರಿಗೋಸ್ಕರ ಹಾಕ್ತಿದ್ದೆ. ದಿನಾ ವಾಕಿಂಗ್ ಮುಗಿಸಿ ಬಂದು ಇಲ್ಲಿ ಕೂರ್ತಿದ್ರಲ್ಲ, ಏದುಸಿರು ಇಳಿಯೋವರೆಗೂ. ನಿಮಗೆ ಗೊತ್ತು ಅಂದ್ಕೊಂಡಿದ್ದೆ."

ಅವಳಿಗೆ ಗೊತ್ತಿರಲಿಲ್ಲ.

*

ಗಂಡನ ಹೃದಯದ ಆಪರೇಷನ್ ಆದಮೇಲೆ, ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಅವಳಿಗೆ ನಾಡಿ ನೋಡುವುದನ್ನು ಕಲಿಸಿದ್ದಳು. ನಡೆದು, ಮೆಟ್ಟಿಲು ಹತ್ತಿ ಬಂದಾಗ ನಾಡಿ ಓಡುವುದು ಸಹಜ. ನಿಂತ ಮೇಲೆ ಬೇಗ ಇಳಿಯಬೇಕು; ಇಳಿದರೆ ಹೃದಯ ಸುಧಾರಿಸುತ್ತಿದೆ ಎಂದರ್ಥ. ಮೊದಮೊದಲು ಅದು ಇಳಿಯುತ್ತಲೇ ಇರಲಿಲ್ಲ. "ಗಾಡಿ ನಿಂತ್ರೂ ಇಂಜಿನ್ ಆಫ್ ಆಗ್ತಿಲ್ಲ ಕಣೇ," ಎಂದು ಅವನು ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ. ಮಣಿಕಟ್ಟು ಹಿಡಿದಷ್ಟು ಹೊತ್ತೂ ಜೀವ ಬಾಯಿಗೆ ಬಂದಿರುತ್ತಿತ್ತು.

ಆಮೇಲೊಂದು ದಿನ ಬಾಗಿಲು ತೆರೆದು ಕೈ ಹಿಡಿದರೆ ನಾಡಿ ಆಗಲೇ ಇಳಿದಿತ್ತು. ಮರುದಿನವೂ ಹಾಗೆಯೇ. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. "ಬಾಗಿಲು ತಟ್ಟೋ ಹೊತ್ತಿಗೇ ಇಳಿದಿರುತ್ತಮ್ಮ," ಎಂದು ಆ ಹುಡುಗಿಯ ಮುಂದೆ ಕೊಚ್ಚಿಕೊಂಡಳು.

"ಹಾಗಾದ್ರೆ ಸಂಜೇನೂ ಒಂದ್ಸಲ ನಡೀಲಿ," ಎಂದಳು ಹುಡುಗಿ.

ಅವನು ಏನೋ ಹೇಳಲು ಬಾಯಿ ತೆರೆದವನು, ಹೆಂಡತಿಯ ಮುಖ ನೋಡಿ "ಆಯ್ತು" ಎಂದ. ನಿನ್ನೆ ಸಂಜೆ ನಡೆದು ಬಂದವನು ಕುರ್ಚಿಯವರೆಗೂ ಹತ್ತಲಿಲ್ಲ. ಕೆಳಗಿನ ಮೆಟ್ಟಿಲಲ್ಲೇ ಕುಸಿದ; ತೋಳಲ್ಲಿ ಎತ್ತಿ ಮೇಲೆ ತರುವಷ್ಟರಲ್ಲಿ ಪ್ರಾಣ ಹೋಗಿತ್ತು.

*

ಎಲ್ಲ ಮುಗಿಸಿ ಬರುವಷ್ಟರಲ್ಲಿ ಯಾರೋ ಕುರ್ಚಿಯನ್ನು ಮತ್ತೆ ತಿರುವಿನಲ್ಲೇ ಇಟ್ಟಿದ್ದರು. ಮಗಳು ಬೀಗ ತೆಗೆಯಲು ಮುಂದೆ ಹೋದಳು.

"ನನ್ನ ಹತ್ರ ಯಾಕೆ ಮುಚ್ಚಿಟ್ರು?" ಎಂದು ಹೆಂಡತಿ ಬಾಗಿಲಲ್ಲಿ ನಿಂತಿದ್ದ ಟೈಲರಮ್ಮನನ್ನು ಕೇಳಿದಳು.

"'ನಾಡಿ ಹಿಡಿದಾಗ ಅವಳ ಮುಖ ನೋಡೋಕಾಗಲ್ಲ ತಂಗಿ' ಅಂತಿದ್ರು."

ಟೈಲರಮ್ಮ ಒಳಗೆ ಹೋದಳು. ತಾನೇ ಅವನನ್ನು ಅಟ್ಟಿ ಅಟ್ಟಿ ಸಾಯಿಸಿದೆ ಎನಿಸಿತು ಹೆಂಡತಿಗೆ. ಕುರ್ಚಿಯ ಮೇಲೆ ಕುಸಿದು, ಬಾಯಿಗೆ ಕೈ ಒತ್ತಿಕೊಂಡು ಅತ್ತಳು.

"ಅಮ್ಮಾ, ಎಲ್ಲಿದೀಯಾ?" ಮೇಲಿನಿಂದ ಮಗಳು ಕೂಗಿದಳು.

"ಬಂದೆ."

ಬಿಕ್ಕು ಇಳಿಯುವವರೆಗೂ ಅಲ್ಲೇ ಕೂತಿದ್ದಳು. ಅಂಗೈಯಿಂದ ಮುಖ ಒರೆಸಿಕೊಂಡು, ಉಳಿದ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಿದಳು. ಬಾಗಿಲಲ್ಲಿ ಮಗಳು ಅವಳ ಮಣಿಕಟ್ಟು ಹಿಡಿದು ಮುಖವನ್ನೇ ನೋಡಿದಳು.

"ಏನೂ ಆಗಿಲ್ಲ ಕಣೇ," ಎಂದಳು ಅವಳು. "ನೋಡು, ಏದುಸಿರೂ ಇಲ್ಲ."