ಪಟ್ಟಿಯಲ್ಲಿ ಇಲ್ಲದವನ ಡೋಲು

ನಾನು ಒಂದು ಡೋಲು. ಬರೀ ಡೋಲು ಎಂದರೆ ನನಗೆ ಸಮಾಧಾನವಿಲ್ಲ. ಯುದ್ಧಕ್ಕೆ ಹೋಗಿ ಬಂದ ಡೋಲು ಎನ್ನಿ. ಜಂಬ ಜಾಸ್ತಿಯಾಯಿತು ಎಂದುಕೊಂಡರೆ ಅಂದುಕೊಳ್ಳಿ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಹೇಳಿ ನನ್ನ ಬಾಯಿ ಮುಚ್ಚಿಸಲು ಮಾತ್ರ ಬರಬೇಡಿ. ನಾನು ಖಾಲಿ ಇರುವುದರಿಂದಲೇ ನನಗೆ ಬೆಲೆ.

ಹುಟ್ಟಿದ್ದು ಅಮೆರಿಕದ ಕನೆಕ್ಟಿಕಟ್ ಸೀಮೆಯಲ್ಲಿ, ಒಂದು ಹೊಳೆದಂಡೆಯ ಊರಿನಲ್ಲಿ. ಆಗಿನ್ನೂ ಅದು ಸ್ವತಂತ್ರ ದೇಶವಲ್ಲ. ಇಂಗ್ಲೆಂಡಿನ ದೊರೆಯ ಕೈಯಿಂದ ಬಿಡಿಸಿಕೊಳ್ಳಲು ಅಲ್ಲಿನ ಜನ ಬಂದೂಕು ಹಿಡಿದಿದ್ದ ಕಾಲ. ನನ್ನನ್ನು ಮಾಡಿದವನು ಜರಡಿ ಮಾಡುವ ಒಬ್ಬ ಮುದುಕ. ತೆಳುವಾದ ಹಲಗೆಯನ್ನು ಹಬೆಯಲ್ಲಿ ಬೇಯಿಸಿ ಬಳೆಯಂತೆ ಬಗ್ಗಿಸಿದ, ಎರಡು ಕಡೆಗೂ ಕರುವಿನ ಚರ್ಮ ಹೊದಿಸಿದ, ಹಗ್ಗ ಬಿಗಿದ, ನೀಲಿ ಬಣ್ಣ ಬಳಿದ. ನನಗಿಂತ ಮೊದಲು ಅವನ ಕೈಯಲ್ಲಿ ಹುಟ್ಟಿದವರೆಲ್ಲ ಜರಡಿಗಳೇ. ಅಕ್ಕಂದಿರೆಲ್ಲ ಹಿಟ್ಟು ಸೋಸಲು ಅಡುಗೆಮನೆಗೆ ಹೋದರು, ನಾನೊಬ್ಬನೇ ಸೈನ್ಯಕ್ಕೆ ಹೋದೆ.

ಈಗ ಕ್ವಾಕೊನ ವಿಷಯಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ಇದು ಅವನದೇ ಕಥೆ, ನಾನು ಅವನ ಹೆಗಲಿಗೆ ನೇತುಬಿದ್ದವನು.

ಆ ಊರಿನ ಹಿಟ್ಟಿನ ಗಿರಣಿಯ ಒಡೆಯ ಜೆರೆಡ್ ಬ್ಲಿನ್. ಅವನ ಒಬ್ಬನೇ ಮಗ ಲೆಮ್ಯುಯೆಲ್, ಎಲ್ಲರ ಬಾಯಲ್ಲಿ ಲೆಮ್. ಅವನಿಗೆ ಸೈನ್ಯದಿಂದ ಕರೆ ಬಂತು. ಕರೆ ಬಂದವನು ಬೇಕಾದರೆ ತನ್ನ ಬದಲು ಬೇರೊಬ್ಬನನ್ನು ಕಳಿಸಬಹುದು, ಅದು ಆಗಿನ ಪದ್ಧತಿ. ಕ್ವಾಕೊ ಬ್ಲಿನ್ ಮನೆಯ ಗುಲಾಮ. ಇಪ್ಪತ್ತೆರಡರ ಪ್ರಾಯದ ಎತ್ತರದ ಕಪ್ಪು ಆಳು, ಮಾತಿಗಿಂತ ನಗು ಮುಂದು.

"ಲೋ ಕ್ವಾಕೊ, ನನ್ನ ಮಗನ ಬದಲು ಮೂರು ವರ್ಷ ಹೋಗಿ ಬಾ," ಎಂದನಂತೆ ಬ್ಲಿನ್. "ಜೀವ ಉಳಿಸ್ಕೊಂಡು ಬಂದ್ರೆ ಬಂದ ದಿನಾನೇ ನಿನಗೆ ಬಿಡುಗಡೆ."

"ಬರೆದು ಕೊಡ್ತೀರಾ, ಧಣಿ?"

"ನನ್ನ ಮಾತು ಸಾಲ್ದೇನೋ ನಿನಗೆ?"

ಸಾಲದು ಎನ್ನುವ ಹಾಗಿರಲಿಲ್ಲ. ಕ್ವಾಕೊ ಹೊರಟ. ಈ ಮಾತುಕತೆಯನ್ನು ಅವನು ನನಗೆ ಸಾವಿರ ಸಲ ಹೇಳಿದ್ದಾನೆ, ಪ್ರತಿ ಸಲವೂ ಧಣಿಯ ದನಿಯನ್ನೇ ಅಣಕಿಸಿ.

ಎಡವಟ್ಟಾದದ್ದು ಸೈನ್ಯದ ಗುಮಾಸ್ತನ ಮೇಜಿನ ಹತ್ತಿರ. ಅವನು ಕರೆ ಹೋದವರ ಹೆಸರನ್ನೆಲ್ಲ ಮೊದಲೇ ಮುತ್ತು ಪೋಣಿಸಿದ ಹಾಗೆ ಬರೆದಿಟ್ಟಿದ್ದ. ಆ ಅಕ್ಷರಗಳ ಮೇಲೆ ಅವನಿಗೆ ಎಲ್ಲಿಲ್ಲದ ಮೋಹ.

"ನಾನು ಲೆಮ್ಯುಯೆಲ್ ಅಲ್ಲ ಸ್ವಾಮಿ, ಅವರ ಬದಲು ಬಂದವನು. ನನ್ನ ಹೆಸರು ಕ್ವಾಕೊ," ಎಂದ ಇವನು.

ಗುಮಾಸ್ತ ಹಾಳೆ ನೋಡಿದ, ಇವನನ್ನು ನೋಡಿದ. "ಈಗ ಹೊಡೆದು ಹಾಕಿದ್ರೆ ಪಟ್ಟಿಯೆಲ್ಲ ಗಲೀಜಾಗುತ್ತೆ. ಲೆಮ್ಯುಯೆಲ್ ಬ್ಲಿನ್ ಅಂತ ಕೂಗಿದಾಗ ಹಾಜರ್ ಅನ್ನು. ಮುಗೀತು."

ಹಾಳೆ ಚೆನ್ನಾಗಿರಲಿ ಎಂದು ಒಬ್ಬ ಮನುಷ್ಯನನ್ನೇ ಬಿಟ್ಟುಬಿಟ್ಟ, ಪುಣ್ಯಾತ್ಮ. ಹೀಗೆ ಕ್ವಾಕೊ ಮೂರು ವರ್ಷ ಬೆಳಗ್ಗೆ ಎದ್ದು ಇನ್ನೊಬ್ಬರ ಹೆಸರಿಗೆ ಓಗೊಟ್ಟ.

ಕಪ್ಪು ಜನರ ಕೈಗೆ ಬಂದೂಕು ಕೊಡಲು ಕೆಲವು ಅಧಿಕಾರಿಗಳಿಗೆ ಅಳುಕು. ಹಾಗಾಗಿ ಅವನ ಕೈಗೆ ನನ್ನನ್ನು ಕೊಟ್ಟು ಪಡೆಯ ಡ್ರಮ್ಮರ್ ಮಾಡಿದರು. ಅವರ ಬುದ್ಧಿಗೆ ಏನನ್ನೋಣ? ಒಂದು ಬಂದೂಕು ಒಬ್ಬನನ್ನು ಬೀಳಿಸೀತು. ನಾನು ನೂರು ಜನರನ್ನು ಏಳಿಸುತ್ತಿದ್ದೆ, ನಡೆಸುತ್ತಿದ್ದೆ, ನಿಲ್ಲಿಸುತ್ತಿದ್ದೆ. ಏಳುವುದಕ್ಕೆ ಒಂದು ಬಡಿತ, ಸೌದೆ ತರಲು ಒಂದು, ಊಟಕ್ಕೆ ಒಂದು, ಮುನ್ನುಗ್ಗಲು ಒಂದು, ಹಿಂದೆ ಸರಿಯಲು ಇನ್ನೊಂದು. ಗದ್ದಲದಲ್ಲಿ ನಾಯಕನ ಗಂಟಲು ಯಾರಿಗೂ ಕೇಳಿಸದು, ನನ್ನ ದನಿ ಮಾತ್ರ ಕೇಳಿಸುತ್ತಿತ್ತು. ಕ್ವಾಕೊ ಹದಿನೈದೇ ದಿನದಲ್ಲಿ ಎಲ್ಲವನ್ನೂ ಕಲಿತ. ಅವನ ಮಣಿಕಟ್ಟಿನಲ್ಲಿ ಏನಿತ್ತೋ, ಕೋಲು ಮುಟ್ಟಿದರೆ ನನಗೆ ಕಚಗುಳಿಯಾಗುತ್ತಿತ್ತು. ನಮ್ಮ ಪಡೆಯಲ್ಲಿ ಕಪ್ಪು ಜನ ಇನ್ನೂ ಹತ್ತು ಹನ್ನೆರಡು ಮಂದಿ ಇದ್ದರು. ಬಂದೂಕು ಹಿಡಿದವರು, ಗಾಡಿ ಹೊಡೆಯುವವರು, ಕಂದಕ ತೋಡುವವರು. ಸಂಜೆ ಬೆಂಕಿಯ ಸುತ್ತ ಕೂತರೆ ಎಲ್ಲರದೂ ಒಂದೇ ಮಾತು, ಯುದ್ಧ ಮುಗಿದ ಮೇಲೆ ಯಾರು ಏನು ಮಾಡುವುದು ಎಂದು.

"ನೀನೇನು ಮಾಡ್ತೀಯೋ ಕ್ವಾಕೊ?" ಎಂದು ಕೇಳಿದರೆ, "ಮಧ್ಯಾಹ್ನದ ತನಕ ಮಲಗ್ತೀನಿ. ಯಾರಾದ್ರೂ ಎಬ್ಬಿಸೋಕೆ ಬರ್ಲಿ ನೋಡೋಣ," ಎನ್ನುತ್ತಿದ್ದ.

ಈಗ ನಮ್ಮ ದೊಡ್ಡ ಪರಾಕ್ರಮ ಕೇಳಿ. ಎರಡನೆಯ ವರ್ಷದ ಶರತ್ಕಾಲ. ಒಂದು ಗುಡ್ಡದ ಬಳಿ ಕೆಂಪು ಕೋಟಿನ ಇಂಗ್ಲಿಷ್ ಸಿಪಾಯಿಗಳು ನಮ್ಮನ್ನು ಕಂಡು ಓಡಿದರು. ನಮ್ಮವರು ಕೇಕೆ ಹಾಕುತ್ತ ಬೆನ್ನಟ್ಟಿದರು. ಓಡಿದ್ದು ನಾಟಕ. ಗುಡ್ಡದ ಆಚೆ ಅವರ ಫಿರಂಗಿಗಳು ಕಾದು ಕೂತಿವೆ ಎಂಬುದು ನಾಯಕನಿಗೆ ಆಮೇಲೆ ಕಂಡಿತು. ಅವನ ಮುಖ ಸುಣ್ಣವಾಯಿತು. "ಹಿಂದಕ್ಕೆ ಕರೆ, ಬೇಗ," ಎಂದ.

ಕ್ವಾಕೊ ಹಿಂದೆ ಸರಿಯುವ ಬಡಿತ ಬಡಿದ. ಯಾರು ಕೇಳುತ್ತಾರೆ? ಗೆಲುವಿನ ಮತ್ತೇರಿದವರಿಗೆ ಹಿಂದೆ ಬನ್ನಿ ಎಂದರೆ ಕಿವಿಯೇ ಇರುವುದಿಲ್ಲ. ಇನ್ನೊಮ್ಮೆ ಬಡಿದ. ಒಬ್ಬನೂ ತಿರುಗಲಿಲ್ಲ, ಮುಂದಿದ್ದವರು ಗುಡ್ಡದ ನೆತ್ತಿಗೆ ಇನ್ನು ಇಪ್ಪತ್ತು ಹೆಜ್ಜೆಯಲ್ಲಿದ್ದರು. ನನಗೆ ನಡುಕ ಬಂತು, ಸುಳ್ಳೇಕೆ ಹೇಳಲಿ.

ಆಗ ಕ್ವಾಕೊ ಊಟದ ಬಡಿತ ಶುರು ಮಾಡಿದ.

ಮೂರು ದಿನದಿಂದ ಅರೆಹೊಟ್ಟೆಯಲ್ಲಿದ್ದ ಜನ. ನೂರು ತಲೆಗಳೂ ಒಟ್ಟಿಗೆ ತಿರುಗಿದವು. ತಟ್ಟೆ ಎಲ್ಲಿ ಚಮಚ ಎಲ್ಲಿ ಎನ್ನುತ್ತ, ಹತ್ತಿದ್ದಕ್ಕಿಂತ ಎರಡು ಪಟ್ಟು ಬಿರುಸಾಗಿ ಇಳಿದು ಬಂದರು. ಅಷ್ಟರಲ್ಲಿ ಆಚೆಯ ಫಿರಂಗಿಗಳು ಸಿಡಿದು, ಯಾರೂ ಇಲ್ಲದ ಗುಡ್ಡದ ನೆತ್ತಿಯ ಮಣ್ಣು ಆಕಾಶಕ್ಕೆ ಎದ್ದಿತು. ಎಲ್ಲರೂ ಬಾಯಿ ಕಳೆದು ನಿಂತರು. ಒಬ್ಬ ಮಾತ್ರ ಬಂದು, "ಅದು ಸರಿ, ಊಟ ಎಲ್ಲಿ?" ಎಂದು ಕೇಳಿದ. ನಾಯಕ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ.

ಆ ಒಳ್ಳೆಯ ನಾಯಕ ಮೇಲಿನವರಿಗೆ ವರದಿ ಕಳಿಸಿದ. ಡ್ರಮ್ಮರನ ಸಮಯಸ್ಫೂರ್ತಿಯಿಂದ ಪಡೆ ಉಳಿಯಿತು ಎಂದು ಹೊಗಳಿದ. ವರದಿಯನ್ನು ನಕಲು ಮಾಡಿದವನು ಅದೇ ಗುಮಾಸ್ತ. ಪಟ್ಟಿ ನೋಡಿ ಡ್ರಮ್ಮರನ ಹೆಸರು ಸೇರಿಸಿದ, ಲೆಮ್ಯುಯೆಲ್ ಬ್ಲಿನ್ ಎಂದು. ನನಗೆ ಮೈಯೆಲ್ಲ ಉರಿದುಹೋಯಿತು. ಕ್ವಾಕೊ ಮಾತ್ರ, "ಹೋಗ್ಲಿ ಬಿಡು, ನನಗೆ ಬೇಕಾಗಿರೋದು ಹೊಗಳಿಕೆ ಅಲ್ಲ, ಬಿಡುಗಡೆ," ಎಂದು ನನ್ನ ಬೆನ್ನು ತಟ್ಟಿದ.

ಮೂರು ವರ್ಷ ಮುಗಿದ ಮೇಲೆ ನನ್ನನ್ನು ಹೆಗಲಿಗೇರಿಸಿಕೊಂಡು ಊರಿಗೆ ಬಂದ. ಗಿರಣಿಯ ಬಾಗಿಲಲ್ಲೇ ಬ್ಲಿನ್ ನಿಂತಿದ್ದ.

"ಬಂದೆ ಧಣಿ. ಮಾತು ನಡೆಸಿಕೊಡಿ."

"ಯಾವ ಮಾತು? ಯುದ್ಧಕ್ಕೆ ಹೋಗಿದ್ದು ನನ್ನ ಮಗ. ಪಟ್ಟೀಲಿ ಅವನ ಹೆಸರಿದೆ, ವರದೀಲಿ ಅವನ ಹೊಗಳಿಕೆ ಇದೆ. ಊರಿನವರು ಅವನಿಗೆ ಔತಣ ಕೂಡ ಹಾಕಿದ್ರು. ನೀನು ಮೂರು ವರ್ಷ ತಲೆ ತಪ್ಪಿಸ್ಕೊಂಡು ಓಡಿಹೋಗಿದ್ದವನು."

ನಾಚಿಕೆ ಎಂಬುದು ಕೆಲವರ ಮನೆಯ ಹೊಸಿಲನ್ನೇ ತುಳಿಯುವುದಿಲ್ಲ ನೋಡಿ. ಕ್ವಾಕೊ ಮೂರು ದಿನ ನಗಲಿಲ್ಲ. ನಾಲ್ಕನೆಯ ದಿನ ನನ್ನನ್ನು ಎತ್ತಿಕೊಂಡು ಸೀದಾ ನ್ಯಾಯಾಧೀಶರ ಬಳಿಗೆ ಹೋಗಿ ದೂರು ಕೊಟ್ಟ. ಗುಲಾಮನೊಬ್ಬ ಧಣಿಯ ಮೇಲೆ ದೂರು ಕೊಡಬಹುದಿತ್ತು, ಗೆಲ್ಲುವುದು ಮಾತ್ರ ಸುಲಭವಿರಲಿಲ್ಲ. ನಾಯಕ ಜ್ವರದಲ್ಲಿ ತೀರಿಕೊಂಡಿದ್ದ. ಜೊತೆಗಾರರು ದಿಕ್ಕಿಗೊಬ್ಬರಾಗಿದ್ದರು. ಸೋತರೆ ಓಡಿಹೋದ ಗುಲಾಮನೆಂದು ದೂರದ ದಕ್ಷಿಣಕ್ಕೆ ಮಾರಿಬಿಡುತ್ತೇನೆ ಎಂದು ಬ್ಲಿನ್ ಮೊದಲೇ ಹೇಳಿದ್ದ.

ವಿಚಾರಣೆಯ ದಿನ ಮಳೆ ಹಿಡಿದಿತ್ತು. ನ್ಯಾಯಾಧೀಶರು ಪಟ್ಟಿ ಓದಿದರು, ವರದಿ ಓದಿದರು. ಎರಡರಲ್ಲೂ ಲೆಮ್. ಆಮೇಲೆ ಮೇಜಿನ ಮೇಲಿದ್ದ ನನ್ನನ್ನು ನೋಡಿ, "ನೀವು ತಾನೇ ಡ್ರಮ್ಮರ್? ಬೆಳಗಿನ ಬಡಿತ ಸ್ವಲ್ಪ ಬಾರಿಸಿ," ಎಂದು ಲೆಮ್‌ಗೆ ಹೇಳಿದರು.

ಲೆಮ್ ಕೋಲೆತ್ತಿ ಒಂದು ಬಿಟ್ಟ. ಒದ್ದೆ ಗೋಣಿಚೀಲಕ್ಕೆ ಹೊಡೆದಂತೆ ದೊಬ್ ಎಂದಿತು. ನಾನು ಬೇಕೆಂದೇ ಮಾಡಿದ್ದಲ್ಲ, ಆಣೆ. ಮಳೆಯ ತೇವಕ್ಕೆ ಚರ್ಮ ಜೋತುಬಿದ್ದಿತ್ತು. ಅವನು ಇನ್ನೂ ಜೋರಾಗಿ ಹೊಡೆದ, ಇನ್ನೂ ಕೆಟ್ಟದಾಗಿ ಕೇಳಿಸಿತು.

"ಕೊಡಿ ಇಲ್ಲಿ, ಚರ್ಮ ಹರಿದುಹೋಗುತ್ತೆ," ಎಂದು ಕ್ವಾಕೊ ಯಾರ ಅಪ್ಪಣೆಯನ್ನೂ ಕೇಳದೆ ನನ್ನನ್ನು ಎತ್ತಿಕೊಂಡ. ಕೋಣೆ ಬೆಚ್ಚಗಿಡಲು ಹೊತ್ತಿಸಿದ್ದ ಒಲೆಯ ಬಳಿ ಮೊಣಕಾಲೂರಿ, ಕೂಸಿಗೆ ಶಾಖ ಕೊಡುವವರಂತೆ ನನ್ನನ್ನು ಮೆಲ್ಲಗೆ ತಿರುಗಿಸಿದ. ನನ್ನ ಹಗ್ಗಗಳಿಗೆ ತೊಗಲಿನ ಕಿವಿಗಳಿವೆ, ಅವನ್ನು ಕೆಳಗೆ ಜಗ್ಗಿದರೆ ಚರ್ಮ ಬಿಗಿಯುತ್ತದೆ. ಅವನು ಒಂದೊಂದನ್ನೇ ಜಗ್ಗುತ್ತ, ಬೆರಳಲ್ಲಿ ಮೀಟುತ್ತ, ಕಿವಿಗೊಟ್ಟು ಕೇಳುತ್ತ ಸುತ್ತು ಬಂದ. ಅವನಿಗೆ ಕೋರ್ಟು ಮರೆತೇಹೋಗಿತ್ತು. ಇಡೀ ಕೋಣೆ ಆ ಕೈಗಳನ್ನೇ ನೋಡುತ್ತಿತ್ತು.

ಅವನಿನ್ನೂ ಕೋಲು ಮುಟ್ಟಿರಲಿಲ್ಲ, ಲೆಮ್ ಎದ್ದು ನಿಂತ.

"ಸಾಕು ಅಪ್ಪ. ನನ್ನ ಕೈಲಿ ಆಗಲ್ಲ," ಎಂದ. ಆಮೇಲೆ ನ್ಯಾಯಾಧೀಶರ ಕಡೆ ತಿರುಗಿದ. "ಹೋದವನು ಅವನು ಸ್ವಾಮಿ. ನಾನು ಮೂರು ವರ್ಷ ದೂರದೂರಲ್ಲಿ ಚಿಕ್ಕಮ್ಮನ ಮನೇಲಿ ಹಂದಿ ಮೇಯಿಸ್ಕೊಂಡಿದ್ದೆ."

ಬ್ಲಿನ್‌ನ ಮುಖ ಕುಂಬಳಕಾಯಿಯಷ್ಟು ಊದಿತು. ಊದಿದರೇನು, ಸ್ವಂತ ಮಗನೇ ಹೇಳಿದ್ದಾನೆ. ನ್ಯಾಯಾಧೀಶರು ಅಲ್ಲೇ ಬಿಡುಗಡೆಯ ತೀರ್ಪು ಬರೆಸಿದರು.

"ಇಷ್ಟು ಬಿಗಿ ಮಾಡಿದೀನಿ, ಸುಮ್ನೆ ಯಾಕೆ ಬಿಡೋದು," ಎಂದ ಕ್ವಾಕೊ. ಬಾರಿಸಿದ ನೋಡಿ. ಕಿಟಕಿಯ ಗಾಜುಗಳು ಗಲಗಲ ಎಂದವು. ನನ್ನ ಇಡೀ ಆಯುಸ್ಸಿನಲ್ಲಿ ಅಷ್ಟು ಸಂತೋಷದಿಂದ ನಾನು ಕೂಗಿಲ್ಲ.

ಬಿಡುಗಡೆ ಪತ್ರಕ್ಕೆ ಅಡ್ಡಹೆಸರು ಬೇಕಿತ್ತು. ಗುಲಾಮರಿಗೆ ಇರುತ್ತಿದ್ದುದು ಧಣಿಯದೇ ಹೆಸರು. "ಬ್ಲಿನ್ ಅಂತ ಬರೀಲಾ?" ಎಂದು ಕೋರ್ಟಿನ ಬರಹಗಾರ ಕೇಳಿದ.

"ಮೂರು ವರ್ಷ ಹೊತ್ತಿದೀನಿ, ಸಾಕು."

"ಸ್ವತಂತ್ರ ಆದವರೆಲ್ಲ ಫ್ರೀಮನ್ ಅಂತ ಇಟ್ಕೊಳ್ತಾರೆ. ಅದೇ ಬರೀಲಾ?"

"ಬೇಡ ಸ್ವಾಮಿ. ನಮ್ಮ ಪಡೇಲೇ ನಾಲ್ಕು ಜನ ಫ್ರೀಮನ್‌ಗಳಿದ್ರು. ಮತ್ತೆ ಒಬ್ಬರದು ಒಬ್ಬರಿಗೆ ಹೋಗೋದು ಬೇಡ. ಡ್ರಮ್ಮರ್ ಅಂತ ಬರೀರಿ."

ಆಮೇಲೆ ನಲವತ್ತು ವರ್ಷ ನಾವು ಒಟ್ಟಿಗಿದ್ದೆವು. ಕ್ವಾಕೊ ದೋಣಿ ನಡೆಸಿ ಬದುಕಿದ, ಮದುವೆಯಾದ, ಮಕ್ಕಳನ್ನು ಪಡೆದ. ಮಧ್ಯಾಹ್ನದ ತನಕ ಒಂದು ದಿನವೂ ಮಲಗಲಿಲ್ಲ, ಅಭ್ಯಾಸಬಲ. ಆ ಸೀಮೆಯ ಕಪ್ಪು ಜನ ವರ್ಷಕ್ಕೊಮ್ಮೆ ಸೇರಿ ತಮ್ಮಲ್ಲೇ ಒಬ್ಬನನ್ನು ಗವರ್ನರ್ ಎಂದು ಆರಿಸಿ, ಕುದುರೆಯ ಮೇಲೆ ಕೂರಿಸಿ ಮೆರೆಸುತ್ತಿದ್ದರು. ಆ ಮೆರವಣಿಗೆಯ ಮುಂದೆ ನಾನೇ. ಅವನು ಹೋದ ಮೇಲೆ ಮಕ್ಕಳು, ಮೊಮ್ಮಕ್ಕಳು ಬಾರಿಸಿದರು, ಆಮೇಲೆ ಯಾರಿಗೂ ಬಾರಿಸಲು ಬರಲಿಲ್ಲ. ಕೆಲವು ವರ್ಷ ಒಂದು ಕಡೆಯ ಚರ್ಮ ಬಿಚ್ಚಿ ನನ್ನೊಳಗೆ ಜೋಳ ತುಂಬಿಟ್ಟರು. ಒಂದು ಕೋಳಿ ನನ್ನ ಮೇಲೆ ಕೂತು ಮರಿ ಮಾಡಿತು. ರಣರಂಗ ಕಂಡವನ ಗತಿ ನೋಡಿ. ಆದರೆ ಮರಿಗಳು ಮುದ್ದಾಗಿದ್ದವು, ಬೈಯಲು ಮನಸ್ಸಾಗಲಿಲ್ಲ.

ಹಳೆಯ ಸಾಮಾನು ಕೂಡಿಹಾಕುವವನೊಬ್ಬ ನನ್ನನ್ನು ಕೊಂಡು ಊರಿನ ಗ್ರಂಥಾಲಯಕ್ಕೆ ದಾನ ಮಾಡಿದ. ನನ್ನ ಒಳಮೈಯಲ್ಲಿ ಪಡೆಯ ಗುರುತಿತ್ತು. ಗ್ರಂಥಾಲಯದವರು ಆ ಪಡೆಯ ಹಳೆಯ ಪಟ್ಟಿ ತೆಗೆದು ನೋಡಿ, ಗಾಜಿನ ಪೆಟ್ಟಿಗೆಯಲ್ಲಿ ನನ್ನ ಪಕ್ಕ ಹಿತ್ತಾಳೆಯ ಫಲಕ ಇಟ್ಟರು: 'ವೀರ ಡ್ರಮ್ಮರ್ ಲೆಮ್ಯುಯೆಲ್ ಬ್ಲಿನ್ ಬಾರಿಸಿದ ಡೋಲು.' ಹಂದಿ ಮೇಯಿಸಿದವನ ಹೆಸರಿನ ಪಕ್ಕ ನೂರ ಹತ್ತು ವರ್ಷ ಕೂತೆ. ಕೋಪಕ್ಕೆ ನನ್ನ ಚರ್ಮವೇ ಬಿರುಕು ಬಿಟ್ಟಿತು.

ಹೋದ ಚಳಿಗಾಲದಲ್ಲಿ ವಿಲೆಟಾ ಎಂಬ ಹೆಂಗಸು ಬಂದರು. ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು, ವಯಸ್ಸು ಎಪ್ಪತ್ತೆರಡು, ಕ್ವಾಕೊನ ಏಳನೆಯ ತಲೆಮಾರು. ಕೈಯಲ್ಲಿ ಕೋರ್ಟಿನ ಹಳೆಯ ಕಡತದಿಂದ ತೆಗೆಸಿದ ನಕಲು. ಗ್ರಂಥಪಾಲಕಿ ಕಾರ್ಲಾ ಅದನ್ನು ಎರಡು ಸಲ ಓದಿದಳು.

"ಇದು ನಿಜ ಅಂತ ನನಗನ್ನಿಸುತ್ತೆ ಮೇಡಂ. ಆದ್ರೆ ಫಲಕ ಬದಲಿಸೋಕೆ ಸಮಿತಿ ಒಪ್ಪಬೇಕು. ಅದು ಸೇರೋದು ಏಪ್ರಿಲ್‌ನಲ್ಲಿ."

"ಅವನು ಇನ್ನೂರೈವತ್ತು ವರ್ಷ ಕಾದಿದ್ದಾನಮ್ಮ. ಏಪ್ರಿಲ್ ಏನು ಮಹಾ, ಕಾಯ್ತಾನೆ. ನಾನು ಕಾಯಬೇಕಲ್ಲ," ಎಂದರು ವಿಲೆಟಾ.

 ಕಾರ್ಲಾ ಬೀಗದ ಕೈ ತಂದು ಪೆಟ್ಟಿಗೆ ತೆರೆದಳು. "ನಾನು ಇದರ ಧೂಳು ಒರೆಸಬೇಕು. ಬಟ್ಟೆ ತರ್ತೀನಿ," ಎಂದವಳು ಹೋಗುವಾಗ ಒಂದು ಅಂಟಿನ ಬಾಟಲಿಯನ್ನು ಮೇಜಿನ ಮೇಲೆ ಮರೆತುಹೋದಳು.

ವಿಲೆಟಾ ಚೀಲದಿಂದ ಪೆನ್ನು ತೆಗೆದರು. ಒಂದು ಚೀಟಿಯ ಮೇಲೆ ಅವಸರದಲ್ಲಿ ಬರೆದರು, ಅಕ್ಷರ ದೊಡ್ಡದಾಗಿ ಸೊಟ್ಟಗೆ ಬಂತು. ಆ ಗುಮಾಸ್ತ ಕಂಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದ. ಚೀಟಿಯನ್ನು ಹಿತ್ತಾಳೆಯ ಫಲಕದ ಮೇಲೇ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು ಜೋರಾಗಿ ಓದಿದರು. ಗ್ರಂಥಾಲಯದಲ್ಲಿ ಓದುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು, ಯಾರೂ ಶ್‌ ಎನ್ನಲಿಲ್ಲ.

'ಇದನ್ನು ಬಾರಿಸಿದವನು ಕ್ವಾಕೊ ಡ್ರಮ್ಮರ್. ಬೇರೆ ಯಾರೂ ಅಲ್ಲ.'